ಒಗರು ನೀರು ಹಚ್ಚಿದ ಕೈ

ನಾನು ದವಾಖಾನೆ ಸೇರಿದ ಕಾಲಕ್ಕೆ ಔಷಧಗಳು ಈಗಿನಂತೆ ಸಿದ್ಧ ಪೊಟ್ಟಣಗಳಲ್ಲಿ ಬರುತ್ತಿರಲಿಲ್ಲ. ಪುಡಿ, ಬೇರು, ತೊಗಟೆ, ಉಪ್ಪು, ಎಣ್ಣೆ ಬರುತ್ತಿದ್ದವು. ಅವನ್ನು ತೂಗಿ, ಅರೆದು, ಸೋಸಿ ಔಷಧ ಮಾಡುವವನೇ ಕಂಪೌಂಡರ್. ಈಚೆಗೆ ಫಾರ್ಮಸಿ ಓದಿ ಕೆಲಸಕ್ಕೆ ಸೇರಿದ ನಮ್ಮ ಓಣಿಯ ಇಬ್ಬರು ತರುಣರು ಬಂದು, "ಆಚಾರ್ರ, ನಿಮ್ಮ ಕಾಲದಾಗ ಕೆಲಸ ಹೆಂಗ ನಡೀತಿತ್ತು, ಬರದುಕೊಡ್ರಿ" ಎಂದರು. ಎಲ್ಲವನ್ನೂ ಬರೆಯುವ ಶಕ್ತಿ ಈಗ ಇಲ್ಲ. ಒಗರು ಔಷಧಗಳ ಬಗ್ಗೆ ಮಾತ್ರ ಬರೆಯುತ್ತೇನೆ. ನನಗೆ ಹೆಸರು ಬಂದದ್ದು ಅವುಗಳಿಂದ. ನನ್ನ ಕೈಯಿಂದಾದ ದೊಡ್ಡ ತಪ್ಪು ಕೂಡ ಅವುಗಳಲ್ಲೇ ಆಯಿತು.

ನನ್ನ ಮೊದಲ ಕೆಲಸ ನಾರಾಯಣಪೇಟೆಯ ಸರ್ಕಾರಿ ದವಾಖಾನೆಯಲ್ಲಿ. ನಿಜಾಮರ ಆಡಳಿತದ ಕೊನೆಯ ವರ್ಷಗಳು. ನಮ್ಮದು ಮಕ್ತಲ್‌ನ ಪೂಜಾರಿಕೆಯ ಮನೆತನ. ಶಾಲೆಯಲ್ಲಿ ಉರ್ದು ಕಲಿತಿದ್ದೆನಾದ್ದರಿಂದ ಕೆಲಸ ಸಿಕ್ಕಿತು. ಅಲ್ಲಿನ ಡಾಕ್ಟರು ರಹಮತುಲ್ಲಾ ಸಾಹೇಬರು. ಎತ್ತರದ ಆಳು, ಮೆಲುದನಿ, ಎದೆಗಿಳಿದ ಗಡ್ಡ. ಕನ್ನಡ, ತೆಲುಗು, ಉರ್ದು ಮೂರನ್ನೂ ಬೆರೆಸಿ ಮಾತಾಡುತ್ತಿದ್ದರು. ನಾನು ಸೇರಿದ ಮೊದಲ ವಾರ ಅವರು ಮೇಜಿನ ಮೇಲೆ ನಾಲ್ಕು ವಸ್ತು ಇಟ್ಟರು. ಪಟಿಕದ ಹರಳು, ಕಾಚಿನ ತುಂಡು, ಒಣಗಿದ ದಾಳಿಂಬೆ ಸಿಪ್ಪೆ, ಒಂದು ಮಾಚಿಕಾಯಿ.

"ಒಂದೊಂದೇ ನಾಲಿಗಿ ಮ್ಯಾಲ ಇಟ್ಕೊಳ್ರಿ" ಎಂದರು.

ಇಟ್ಟುಕೊಂಡೆ. ನಾಲಿಗೆ ಜಗ್ಗಿ, ಬಾಯಿಯೊಳಗಿನ ನೀರೆಲ್ಲ ಇಂಗಿ, ಕೆನ್ನೆಯ ಒಳಮೈ ಹಲ್ಲಿಗೆ ಅಂಟಿಕೊಂಡಂತಾಯಿತು.

"ಏನಾತು?"

"ಬಿಗದಂಗಾತು ಸಾಹೇಬ್ರ."

"ಅಷ್ಟೇ ನೋಡ್ರಿ ಇದರ ಕೆಲಸ. ನಾಲಿಗಿಗೆ ಏನು ಮಾಡ್ತೈತೋ ವಸಡಿಗೂ ಅದನ್ನೇ ಮಾಡ್ತೈತಿ, ಗಾಯಕ್ಕೂ ಅದನ್ನೇ, ಕರುಳಿಗೂ ಅದನ್ನೇ. ಹಕೀಮ್ರು ಇದಕ್ಕ ಖಾಬಿಜ್ ಅಂತಾರ. ಬಿಗೀಬೇಕಾದಲ್ಲಿ ಬಿಗಿದ್ರ ದವಾ. ಬಿಗೀಬಾರದಲ್ಲಿ ಬಿಗಿದ್ರ?" ಎಂದು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಸುಲಭ.

ಅದು ಎಷ್ಟು ಸುಲಭವೆಂದು ಒಂದೇ ತಿಂಗಳಲ್ಲಿ ಗೊತ್ತಾಯಿತು. ಪೇಟೆಯ ಸೀರೆ ವ್ಯಾಪಾರಿಯೊಬ್ಬರ ಮಗನಿಗೆ ಮದುವೆ ಗೊತ್ತಾಗಿತ್ತು. ಮುಖದ ತುಂಬ ಮೊಡವೆ. ಸಾಹೇಬರಿಲ್ಲದ ಹೊತ್ತಿನಲ್ಲಿ ಬಂದು, "ಏನರ ಮಾಡ್ರಿ" ಎಂದು ಗೋಗರೆದ. ಪಟಿಕದ ನೀರು ಮೊಡವೆ ಒಣಗಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ಎಷ್ಟು ನೀರಿಗೆ ಎಷ್ಟು ಪಟಿಕ ಎಂಬುದೂ ಗೊತ್ತಿತ್ತು. ಆದರೆ ದಿನ ಕಡಿಮೆ ಇದ್ದವಲ್ಲ, ಎರಡು ಪಟ್ಟು ಹಾಕಿದೆ. ದಿನಕ್ಕೆ ಒಮ್ಮೆ ತೊಳೆ ಎಂದದ್ದನ್ನು ಅವನು ಐದು ಸಲ ಮಾಡಿದ. ಮೊಡವೆಗಳು ಒಣಗಿದವು ನಿಜ. ಜೊತೆಗೆ ಮುಖದ ಚರ್ಮವೂ ಬಿರಿದು, ಹಪ್ಪಳದಂತೆ ಸಿಪ್ಪೆ ಎದ್ದಿತು. ಮದುಮಗ ಅರಿಸಿನ ಹಚ್ಚಿಸಿಕೊಳ್ಳುವಾಗ ಉರಿಯಿಂದ ಕೂಗಿದನಂತೆ. ಸಾಹೇಬರು ಬೈಯಲಿಲ್ಲ. ಮುಖಕ್ಕೆ ಬೆಣ್ಣೆ ಹಚ್ಚಲು ಹೇಳಿ ಕಳಿಸಿ, ಅದೇ ಪಟಿಕದ ನೀರಿನಲ್ಲಿ ನನ್ನ ಮುಖ ತೊಳೆಸಿದರು. ಸಂಜೆಯವರೆಗೆ ನನಗೆ ನಗಲು ಆಗಲಿಲ್ಲ.

ವಾರಕ್ಕೊಮ್ಮೆ ಟಾಂಗಾದಲ್ಲಿ ಮಕ್ತಲ್‌ಗೆ ಹೋಗುತ್ತಿದ್ದೆವು. ಅಲ್ಲಿ ಒಮ್ಮೆ ರಕ್ತಭೇದಿಯಾಗಿ ಬಂದ ಒಬ್ಬ ಕುಂಬಾರನಿಗೆ ನಾನು ಕಾಚು ಮತ್ತು ಸೀಮೆಸುಣ್ಣದ ಔಷಧ ಕಲಸತೊಡಗಿದ್ದೆ. ಸಾಹೇಬರು ಕೈ ಹಿಡಿದು ನಿಲ್ಲಿಸಿದರು. "ಒಳಗ ಜಹರ್ ಕೂತೈತಿ, ವಿಷ. ಮೊದಲು ಅದು ಹೊರಗ ಹೋಗ್ಲಿ. ಈಗ ಬಿಗಿದ್ರ ಹೊಟ್ಟಿ ಉಬ್ಬಿ ಸಾಯ್ತಾನ" ಎಂದರು. ಮೂರು ದಿನದ ಮೇಲೆ ಅದೇ ಮನುಷ್ಯನಿಗೆ ಅದೇ ಔಷಧವನ್ನು ಅವರೇ ಕೊಡಿಸಿದರು. ವಸ್ತು ಅದೇ, ರೋಗಿಯೂ ಅವನೇ. ದಿನ ಮಾತ್ರ ಬೇರೆ. ಈ ಪಾಠವನ್ನು ನಾನು ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡದ್ದೆಲ್ಲ ತಲೆಗೆ ಹೋಯಿತೆಂದು ಆ ವಯಸ್ಸಿನಲ್ಲಿ ನಂಬಿದ್ದೆ.

ಸಾಹೇಬರಿಗೆ ಗದ್ವಾಲಿಗೆ ವರ್ಗವಾದಾಗ ನನ್ನನ್ನೂ ಕರೆಸಿಕೊಂಡರು. ಅಲ್ಲಿ ನೇಕಾರರ ಓಣಿ ದವಾಖಾನೆಗೆ ಹತ್ತಿರ. ಸುಟ್ಟ ಗಾಯಗಳು ಅಲ್ಲಿ ನಿತ್ಯದ ಮಾತು. ನೂಲಿಗೆ ಹಾಕುವ ಗಂಜಿ, ಬಣ್ಣದ ಹಂಡೆ, ರೇಷ್ಮೆ ಕುದಿಸುವ ಸೋಡಾ ನೀರು, ಎಲ್ಲವೂ ಕುದಿಯುವಂಥವೇ. ಆಗ ಸುಟ್ಟ ಗಾಯಕ್ಕೆ ಟ್ಯಾನಿಕ್ ಆ್ಯಸಿಡ್ ನೀರು ಹಚ್ಚುವುದು ಪದ್ಧತಿ. ಮಾಚಿಕಾಯಿ, ಅಳಲೆಕಾಯಿಗಳಲ್ಲಿರುವ ಒಗರಿನ ಸತ್ವವೇ ಅದು. ಪುಡಿಯಾಗಿ ಸೀಸೆಯಲ್ಲಿ ಬರುತ್ತಿತ್ತು. ಹಚ್ಚಿದರೆ ಗಾಯದ ಮೇಲೆ ಕಂದು ಬಣ್ಣದ ಗಟ್ಟಿ ಪೊರೆ ಕಟ್ಟುತ್ತದೆ. ನೀರು ಸೋರುವುದು ನಿಲ್ಲುತ್ತದೆ, ನೋವು ತಗ್ಗುತ್ತದೆ. ಬೆನ್ನು ಸುಟ್ಟವರು, ತೊಡೆ ಸುಟ್ಟವರು ಅದರಿಂದ ಬದುಕಿದ್ದನ್ನು ನಾನೇ ನೋಡಿದ್ದೆ.

ಪೊಲೀಸ್ ಆ್ಯಕ್ಷನ್ ಆದದ್ದು ಆ ದಿನಗಳಲ್ಲಿ. ರೈಲು ನಿಂತಿತು. ಅಂಚೆ ನಿಂತಿತು. ಹೈದರಾಬಾದಿನಿಂದ ಬರಬೇಕಾದ ಔಷಧದ ಪೆಟ್ಟಿಗೆ ಎಲ್ಲಿದೆಯೆಂದು ಹೇಳುವವರಿಲ್ಲ. ಭಾರತದ ದಂಡು ಬಂತು, ಹೋಯಿತು. ಆದರೆ ಹಳ್ಳಿಗಳಲ್ಲಿ ಮುಸಲ್ಮಾನರ ಮೇಲೆ ನಡೆದದ್ದರ ಸುದ್ದಿ ಕೇಳುವಂತಿರಲಿಲ್ಲ. ಸಾಹೇಬರ ತಮ್ಮನ ಸಂಸಾರ ಬೀದರ್ ಕಡೆಯ ಹಳ್ಳಿಯಲ್ಲಿತ್ತು. ಹದಿನೈದು ದಿನ ಕಾದರು. ಒಂದು ಬೆಳಗ್ಗೆ ನನ್ನ ಕೈಗೆ ಬೀಗದ ಕೈ ಗೊಂಚಲು ಕೊಟ್ಟು, "ನಾನು ಹುಡುಕಾಕ ಹೋಗ್ತೀನಿ ಆಚಾರ್ರ. ದವಾಖಾನಿ ಬಾಗಲಾ ಹಾಕಬ್ಯಾಡ್ರಿ" ಎಂದರು. ಗಡ್ಡ ಬೋಳಿಸಿದ್ದರು. ಅಭ್ಯಾಸವಿಲ್ಲದ ಕೆನ್ನೆಯ ಮೇಲೆ ಕತ್ತಿ ಗೀರಿದ ಎರಡು ಗಾಯ. ಅವಕ್ಕೆ ಪಟಿಕ ಉಜ್ಜಿಕೊಂಡ ಬಿಳಿ ಗುರುತು. ನಾನು ಬೇರೆ ಕಡೆ ನೋಡಿದೆ. ಆಮೇಲೆ ಅವರನ್ನು ನೋಡಲಿಲ್ಲ. ವರ್ಷದ ಮೇಲೆ ಅವರ ರಾಜೀನಾಮೆ ಬಂದಿದೆಯೆಂದು ಕಚೇರಿಯಲ್ಲಿ ತಿಳಿಯಿತು, ಅಷ್ಟೇ.

ಸಾಹೇಬರು ಹೋದ ಮರುವಾರ ಓಣಿಯವರು ನರಸಮ್ಮನನ್ನು ಕರೆತಂದರು. ನೇಕಾರ ತಿಮ್ಮಣ್ಣನ ಹೆಂಡತಿ, ಇಪ್ಪತ್ತೈದರ ಹೆಣ್ಣುಮಗಳು. ಮಗ್ಗದ ಮೇಲೆ ಹಳೆಯ ಹಾಸಿನ ಉದ್ದ ನೂಲು ಮುಗಿದಾಗ ಅದರ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಎಳೆ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ, ಬೆರಳ ತುದಿಗೆ ಬೂದಿ ಮುಟ್ಟಿಸಿಕೊಂಡು, ಗಂಟಿಲ್ಲದೆ ಹೊಸೆಯಬೇಕು. ಆ ಕೆಲಸಕ್ಕೆ ಓಣಿಯ ಎಲ್ಲ ಮನೆಯವರೂ ಅವಳನ್ನೇ ಕರೆಯುತ್ತಿದ್ದರು. ಗಂಜಿಯ ಹಂಡೆ ಇಳಿಸುವಾಗ ಹಿಡಿ ಕಳಚಿ ಬಲಗೈ ಮುಂಗೈವರೆಗೆ ಅದ್ದಿಹೋಗಿತ್ತು. ಗಂಜಿ ನೀರಿನಂತೆ ಜಾರುವುದಿಲ್ಲ, ಅಂಟಿಕೊಂಡು ಬೇಯಿಸುತ್ತದೆ.

ಟ್ಯಾನಿಕ್ ಆ್ಯಸಿಡ್ ಸೀಸೆ ತೆಗೆದು ನೋಡಿದೆ. ತಳದಲ್ಲಿ ಧೂಳಿನಷ್ಟಿತ್ತು.

"ಆಚಾರ್ರ, ಈಕಿ ಕೈ ಹೋದ್ರ ನಮ್ಮ ಮನಿ ಹೋತು" ಎಂದು ತಿಮ್ಮಣ್ಣ ನನ್ನ ಕಾಲು ಹಿಡಿಯಲು ಬಂದ.

ಆಗ ನನಗೆ ತಂಗಡಿ ತೊಗಟೆಯ ನೆನಪಾಯಿತು. ಪುಸ್ತಕದ ಕನ್ನಡದಲ್ಲಿ ಆವರಿಕೆ ಎನ್ನುತ್ತಾರೆ. ಹಳದಿ ಹೂವಿನ ಗಿಡ, ನಮ್ಮ ಸೀಮೆಯ ಬಯಲಿನಲ್ಲೆಲ್ಲ ಬೆಳೆಯುತ್ತದೆ. ಅದರ ತೊಗಟೆಯ ಒಗರಿನಿಂದಲೇ ಊರಾಚೆ ಚರ್ಮ ಹದ ಮಾಡುತ್ತಿದ್ದರು. ಒಳಗಿರುವ ಸತ್ವ ಒಂದೇ. ಆ ಕೇರಿಗೆ ನಮ್ಮ ಮನೆತನದವರು ಯಾರೂ ಕಾಲಿಟ್ಟಿರಲಿಲ್ಲ. ನಾನು ಓಡಿದೆ. ಅಲ್ಲಿಯ ಮುದುಕರೊಬ್ಬರು ಹೊಸ ತೊಗಟೆಯನ್ನು ಧೋತರದ ಸೆರಗಿಗೆ ಸುರಿದು, "ಯಾತಕ್ಕ ಬೇಕ್ರಿ?" ಎಂದು ಕೇಳಿದರು. ಹೇಳಿದೆ. "ಸತ್ತ ತೊಗಲಿಗೆ ಹಾಕೋದು ಇದು. ಜೀವ ಇದ್ದ ತೊಗಲಿಗೆ ಹೆಂಗೋ ಏನೋ" ಎಂದರು. ನಾನು ನಿಂತು ಕೇಳಲಿಲ್ಲ.

ಕುದಿಸಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಆರಿಸಿ, ನರಸಮ್ಮನ ಕೈಗೆ ಸುರಿದೆ. ಐದೂ ಬೆರಳಿಗೆ, ಸುತ್ತಲೂ, ಸಂದು ಬಿಡದಂತೆ, ಗಳಿಗೆಗೊಮ್ಮೆ ಹಚ್ಚುತ್ತ ಹೋದೆ. ಸಂಜೆಯಾಗುವ ಹೊತ್ತಿಗೆ ಕೈ ಕಪ್ಪು ಕೈಗವಸು ತೊಟ್ಟಂತಾಯಿತು. "ಉರಿ ಇಳೀತ್ರಿ" ಎಂದಳು. ಅವಳ ಅತ್ತೆ ನನಗೆ ಕೈ ಮುಗಿದರು.

ಕೀವಾಗಲಿಲ್ಲ. ಜ್ವರ ಏರಲಿಲ್ಲ. ಮೂರು ವಾರಕ್ಕೆ ಪೊರೆ ಉದುರತೊಡಗಿತು. ಕೈ ಉಳಿಯಿತು ಎಂದು ಓಣಿಯಲ್ಲೆಲ್ಲ ಮಾತಾಯಿತು. ತಿಮ್ಮಣ್ಣ ನನ್ನ ಹೆಂಡತಿಗೆ ಸೀರೆ ತಂದುಕೊಟ್ಟ; ಬೇಡವೆಂದರೂ ಹೊಸ್ತಿಲ ಮೇಲಿಟ್ಟು ಹೋದ. ಡಾಕ್ಟರಿಲ್ಲದ ದವಾಖಾನೆಯಲ್ಲಿ ಕಂಪೌಂಡರ್ ಆಚಾರ್ರು ಡಾಕ್ಟರಿಗಿಂತ ಹೆಚ್ಚು ಎಂದರು. ನನಗೂ ಹಾಗೇ ಅನ್ನಿಸಿತ್ತು.

ಆದರೆ ಬೆರಳುಗಳು ಬಿಚ್ಚಲಿಲ್ಲ. ಹೆಬ್ಬೆರಳು ಅಲ್ಲಾಡುತ್ತಿತ್ತು. ಉಳಿದವು ಅಂಗೈ ಕಡೆಗೆ ಬಾಗಿ ಸೆಟೆದುಕೊಂಡಿದ್ದವು. ತುದಿಗಳಲ್ಲಿ ಸ್ಪರ್ಶ ಮಂದ. ಕಿರುಬೆರಳಿನ ತುದಿ ಒಣಗಿ ಬಿದ್ದೇಹೋಯಿತು. "ಸುಟ್ಟ ಕೈ ಅಲ್ಲೇನ್ರಿ, ಇಷ್ಟರ ಉಳೀತು" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನಾನೂ ಬೆಂಕಿಯನ್ನೇ ಬೈದೆ.

ಆರು ತಿಂಗಳ ಮೇಲೆ ಹೊಸ ಡಾಕ್ಟರು ಬಂದರು. ಮದ್ರಾಸ್ ಕಡೆಯವರು, ತೆಲುಗು ಮಾತಾಡುತ್ತಿದ್ದರು. ಉರ್ದು ಅಕ್ಷರ ಬಾರದು. ಕಚೇರಿಯ ವ್ಯವಹಾರ ಇಂಗ್ಲಿಷಿಗೆ ಬದಲಾಗುತ್ತಿದ್ದ ಕಾಲ. ಅಲಮಾರಿನ ಹಳೆಯ ಕಾಗದಗಳನ್ನೆಲ್ಲ ನಾನು ಓದಿ ಹೇಳುವುದು, ಇಟ್ಟುಕೊಳ್ಳುವುದೋ ಬಿಸಾಡುವುದೋ ಎಂದು ಅವರು ತೀರ್ಮಾನಿಸುವುದು ಎಂದಾಯಿತು. ಎರಡನೆಯ ದಿನ ಮಧ್ಯಾಹ್ನ ಒಂದು ಸುತ್ತೋಲೆ ಕೈಗೆ ಬಂತು. ಮೇಲಿನ ಕಚೇರಿಯಿಂದ ಎಲ್ಲ ದವಾಖಾನೆಗಳಿಗೂ ಕಳಿಸಿದ್ದು.

"ಏಮಿಟದಿ?" ಅದೇನು ಎಂದು ಕೇಳಿದರು.

ನಾನು ಗಟ್ಟಿಯಾಗಿ ಓದತೊಡಗಿದೆ. ಸುಟ್ಟ ಗಾಯಗಳಿಗೆ ಟ್ಯಾನಿಕ್ ಆ್ಯಸಿಡ್ ಬಳಸುವ ವಿಷಯ. ಇನ್ನು ಮುಂದೆ ಮುಖಕ್ಕೆ, ಕೈಗೆ, ಬೆರಳುಗಳಿಗೆ ಯಾವ ಕಾರಣಕ್ಕೂ ಹಚ್ಚಕೂಡದು. ಗಟ್ಟಿಯಾದ ಪೊರೆ ಬೆರಳಿನ ಸುತ್ತ ಬಿಗಿದು ರಕ್ತದ ಓಟ ನಿಲ್ಲಿಸುತ್ತದೆ, ಕೀಲುಗಳು ಸೆಟೆಯುತ್ತವೆ. ಓದುತ್ತ ಓದುತ್ತ ನನ್ನ ದನಿ ಕೆಳಗಿಳಿಯಿತು. ಕಾಗದದ ಮೂಲೆಯಲ್ಲಿ ಬಂದ ತಾರೀಖು, ಆವಕ ನಂಬರು, ಸಹಿ ಇದ್ದವು. ಮೂರೂ ನನ್ನ ಅಕ್ಷರ. ಸಾಹೇಬರು ಹಳ್ಳಿಗಳ ಮೇಲೆ ಹೋದಾಗ, ವಾಂತಿಭೇದಿಯ ಗದ್ದಲದಲ್ಲಿ, ಕಾಗದ ಬಿಚ್ಚಿ, ನಂಬರು ಹಾಕಿ, ಫೈಲಿಗೆ ಸೇರಿಸಿ ಕೈ ತೊಳೆದುಕೊಂಡಿದ್ದೆ. ಅವರಿಗೆ ತೋರಿಸಿರಲಿಲ್ಲ. ನಾನೂ ಓದಿರಲಿಲ್ಲ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ನರಸಮ್ಮನನ್ನು ಕರೆಸಿ ಕೈ ನೋಡಿದರು. ಬಿಸಿನೀರಿನಲ್ಲಿಟ್ಟು ಎಣ್ಣೆ ಹಚ್ಚಿ ದಿನಾ ಬೆರಳು ಜಗ್ಗಿಸಲು ಹೇಳಿದರು. ಅವಳು ಹೋದ ಮೇಲೆ, "ಗಂಜಿ ಅರ್ಧ ಮಾಡಿತು, ಉಳಿದದ್ದು ಔಷಧ ಮಾಡಿತು. ಮೊದಲೇ ಗೊತ್ತಿದ್ದರೆ ಬರೀ ಶುದ್ಧ ಮಾಡಿ, ವ್ಯಾಸಲೀನ್ ಬಟ್ಟೆಯಲ್ಲಿ ಒಂದೊಂದು ಬೆರಳನ್ನೂ ಬೇರೆ ಬೇರೆ ಕಟ್ಟಿ, ಅಲ್ಲಾಡಿಸುತ್ತಿರಲು ಹೇಳಿದ್ದರೆ ಸಾಕಿತ್ತು" ಎಂದರು. ಅವಳಿಗೆ ತಿಳಿಸಬೇಕೆ ಎಂದು ಕೇಳಿದೆ. "ಅದು ನಿಮಗೆ ಬಿಟ್ಟದ್ದು" ಎಂದರು.

ನಾನು ತಿಳಿಸಲಿಲ್ಲ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ದಿನಾ ಅವಳ ಮನೆಗೆ ಹೋಗಿ ಎಣ್ಣೆ ಹಚ್ಚಿ ಬೆರಳು ಜಗ್ಗುತ್ತಿದ್ದೆ. ಅವರು ಅದನ್ನೂ ನನ್ನ ಒಳ್ಳೆಯತನವೆಂದೇ ತಿಳಿದರು. ಹೀಗೆ ಎರಡು ತಿಂಗಳು ಕಳೆದವು.

ಒಂದು ದಿನ ಅದೇ ಓಣಿಯಲ್ಲಿ ಬೇರೊಂದು ಮನೆಗೆ ಜ್ವರದ ಔಷಧ ಕೊಡಲು ಹೋದಾಗ ಒಲೆಯ ಪಕ್ಕದ ಗೂಡಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಮಡಕೆ ಕಂಡಿತು. ಅದೇನೆಂದು ಕೇಳಿದೆ.

"ನಿಮ್ಮ ದವಾನೇ ರೀ ಆಚಾರ್ರ. ತಂಗಡಿ ತೊಗಟಿ ನೀರು. ಯಾರಿಗರ ಕೈ ಸುಟ್ರ ಇರ್ಲಿ ಅಂತ. ಎಲ್ಲಾರ ಮನ್ಯಾಗೂ ಮಾಡಿಟ್ಟಾರ" ಎಂದರು ಆ ಮನೆಯ ಯಜಮಾನಿ.

ಅದನ್ನು ಚೆಲ್ಲಿರಿ, ಕೈಗೆ ಹಚ್ಚಬಾರದು ಎಂದೆ. ಆಕೆ ನಕ್ಕರು. "ನಮ್ಮ ಕಣ್ಣಾರೆ ನೋಡೀವಲ್ರಿ. ಡಾಕ್ಟರು ಬಂದಾರಂತ ನಿಮ್ಮ ದವಾ ನೀವೇ ಬಿಟ್ಟುಕೊಡ್ತೀರೇನು?" ಮುಂದಿನ ಎರಡು ಮನೆಗಳಲ್ಲೂ ಇದೇ ಮಾತು. ಯಾಕೆ ಹಚ್ಚಬಾರದೆಂದು ಹೇಳಬೇಕಾದರೆ ಒಂದೇ ಒಂದು ಉತ್ತರವಿತ್ತು. ಆ ಉತ್ತರವನ್ನು ಮೊದಲು ಕೇಳಬೇಕಾದವಳು ಬೇರೆ ಇದ್ದಳು.

ನೇರ ತಿಮ್ಮಣ್ಣನ ಮನೆಗೆ ಹೋದೆ. ಅವನು ಮಗ್ಗದ ಕುಣಿಯಲ್ಲಿದ್ದ. ನರಸಮ್ಮ ಎಡಗೈಯಿಂದ ನೂಲು ಸುತ್ತುತ್ತಿದ್ದಳು. ನಿಂತೇ ಹೇಳಿದೆ. ಕಾಗದ ಬಂದದ್ದು, ಓದದೇ ಇಟ್ಟದ್ದು, ಬೆರಳು ಬಿಗಿದದ್ದು ಹೇಗೆ, ಎಂದಿನಿಂದ ನನಗೆ ಗೊತ್ತಿದೆ, ಎಲ್ಲವನ್ನೂ. ಲಾಳಿ ನಿಂತಿತು.

ಅವಳು ತನ್ನ ಕೈ ನೋಡಿಕೊಂಡಳು. ಆಮೇಲೆ, "ಯಾಕ ಹೇಳಿದ್ರಿ?" ಎಂದಳು. "ಇಷ್ಟು ದಿನ ಬೆಂಕಿ ಮ್ಯಾಲೆ ಸಿಟ್ಟಿತ್ತು. ಬೆಂಕಿಗೇನು ಮಾಡಾಕ ಬರ್ತೈತಿ ಅಂತ ಸುಮ್ನಾಗಿದ್ದೆ. ಈಗ ಮನುಷ್ಯನ ಮ್ಯಾಲೆ ಬಂತು. ಅದನ್ನ ಎಲ್ಲಿಡ್ಲಿ?"

ಅವಳು ಮತ್ತೆ ನೂಲು ಕೈಗೆತ್ತಿಕೊಂಡಳು. "ನಾಳಿಂದ ಎಣ್ಣಿ ಹಚ್ಚಾಕ ಬರಬ್ಯಾಡ್ರಿ" ಎಂದಳು. ತಿಮ್ಮಣ್ಣ ಬಾಗಿಲವರೆಗೂ ಬರಲಿಲ್ಲ.

ಮನೆಗಳಲ್ಲಿನ ಮಡಕೆಗಳ ಸುದ್ದಿಯನ್ನೂ ಅವಳಿಗೆ ಹೇಳಿಬಂದಿದ್ದೆ. ನಾಲ್ಕನೆಯ ದಿನ ಬೆಳಗ್ಗೆ, ರೋಗಿಗಳ ಸಾಲು ಇನ್ನೂ ಇರುವಾಗಲೇ, ನರಸಮ್ಮ ದವಾಖಾನೆಯ ಬಾಗಿಲಲ್ಲಿ ನಿಂತಿದ್ದಳು. ಸೆರಗನ್ನು ಬಲಗೈ ಮೇಲೆ ಹೊದ್ದಿದ್ದಳು.

"ನಡೀರಿ. ನೀವೊಬ್ರೇ ಹೇಳಿದ್ರ ಯಾರೂ ಕೇಳಂಗಿಲ್ಲ."

ಡಾಕ್ಟರು ಹೋಗಿ ಎಂದು ಕಣ್ಣಲ್ಲೇ ಹೇಳಿದರು. ಅವಳು ಮುಂದೆ, ನಾನು ಹಿಂದೆ. ಮೊದಲ ಮನೆಯಲ್ಲಿ ಸೆರಗು ಸರಿಸಿ ಕೈಯನ್ನು ಬೆಳಕಿಗೆ ಹಿಡಿದಳು. ಅಲ್ಲಿಯವರೆಗೆ ಅವಳು ಯಾರೆದುರೂ ಆ ಕೈ ಹಾಗೆ ತೋರಿಸಿರಲಿಲ್ಲ.

"ನೋಡ್ರೆವ್ವಾ. ಇದು ಬರೇ ಗಂಜಿಯಿಂದ ಆಗಿಲ್ಲ. ಈ ನೀರಿನಿಂದ ಆಗೈತಿ. ಹಚ್ಚಿದಾತ ಇಲ್ಲೇ ನಿಂತಾನ, ಕೇಳ್ರಿ."

ಆ ಮನೆಯವರು ನನ್ನ ಕಡೆ ತಿರುಗಿದರು. "ಹೌದ್ರಿ, ನನ್ನಿಂದಾತು" ಎಂದೆ. ಹನ್ನೊಂದು ಮನೆಗಳಲ್ಲಿ ಅದೇ ಮಾತು ಹೇಳಿದೆ. ಹೇಳುತ್ತ ಹೇಳುತ್ತ ಸುಲಭವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಮುದುಕಿಯೊಬ್ಬರು ನನ್ನ ಮುಖಕ್ಕೇ ಉಗುಳಿದಂತೆ ಮಾಡಿದರು. ಇನ್ನೊಬ್ಬರು ನಂಬಲಿಲ್ಲ, ನರಸಮ್ಮ ಅವರ ಎದುರು ಒಂದು ನೂಲಿನೆಳೆ ಎತ್ತಲು ಹೋಗಿ, ಮೂರು ಸಲ ಕೈತಪ್ಪಿ, ಸುಮ್ಮನೆ ಅವರನ್ನೇ ನೋಡಿದಳು. ಅವರೇ ಎದ್ದು ಮಡಕೆ ತಂದು ಚರಂಡಿಗೆ ಸುರಿದರು. ಮಧ್ಯಾಹ್ನದ ಹೊತ್ತಿಗೆ ಓಣಿಯ ಚರಂಡಿ ಕಂದು ಬಣ್ಣಕ್ಕೆ ತಿರುಗಿತ್ತು. ಕೊನೆಯ ಮನೆ ಮುಗಿದ ಮೇಲೆ ಅವಳು ನನ್ನ ಜೊತೆ ಮಾತಾಡದೆ ಹೋದಳು.

ಕಿರಿಯರಿಗೆ ಒಂದು ಮಾತು ಇಲ್ಲೇ ಹೇಳುತ್ತೇನೆ. ಒಗರು ವಸ್ತುಗಳು ಕೆಟ್ಟವೆಂದು ನಾನು ಯಾವತ್ತೂ ಹೇಳಿಲ್ಲ. ವಸಡಿನಲ್ಲಿ ರಕ್ತ ಬಂದರೆ ಪಟಿಕದ ನೀರು, ಗಂಟಲು ನೋವಿಗೆ ದಾಳಿಂಬೆ ಸಿಪ್ಪೆಯ ಕಷಾಯ, ಬೆವರುಸಾಲೆಗೆ ತೆಳುವಾದ ಕ್ಯಾಲಮೈನ್, ಇವೆಲ್ಲವನ್ನೂ ನಿವೃತ್ತಿಯ ದಿನದವರೆಗೆ ಕೊಟ್ಟಿದ್ದೇನೆ. ಆದರೆ ಒಂದು ವಸ್ತುವಿಗೆ ಏನು ಮಾಡಲು ಬರುತ್ತದೆಂದು ತಿಳಿದರೆ ಅರ್ಧ ಮಾತ್ರ ತಿಳಿದಂತೆ. ಬಂದ ಕಾಗದವನ್ನು ಓದಿ. ನಂಬರು ಹಾಕುವುದು ಓದಿದಂತಲ್ಲ. ನಿಮ್ಮನ್ನು ಹೊಗಳಿದ ರೋಗಿಯನ್ನು ತಿಂಗಳ ಮೇಲೆ ಇನ್ನೊಮ್ಮೆ ನೋಡಿ.

ನರಸಮ್ಮನ ಕೈ ಪೂರ್ತಿ ಸರಿಹೋಗಲಿಲ್ಲ. ಎಣ್ಣೆ, ಬಿಸಿನೀರು ಅವಳೇ ಬಿಡದೆ ಮಾಡಿಕೊಂಡದ್ದರಿಂದ ಎರಡು ಬೆರಳು ತಕ್ಕಮಟ್ಟಿಗೆ ಬಿಚ್ಚಿದವು. ಎಳೆ ಹೊಸೆಯುವುದನ್ನು ಎಡಗೈಯಲ್ಲಿ ಕಲಿತಳು. ಮೊದಲಿನ ವೇಗ ಬರಲಿಲ್ಲ. ದಾರಿಯಲ್ಲಿ ಎದುರಾದರೆ ತಲೆ ಬಗ್ಗಿಸಿ ಹೋಗುತ್ತಿದ್ದಳು. ಅವಳು ಕ್ಷಮಿಸಲಿಲ್ಲ, ನಾನೂ ಕೇಳಲಿಲ್ಲ.

ನಾಲ್ಕು ವರ್ಷದ ಮೇಲೆ, ಡಾಕ್ಟರು ರಜೆಯಲ್ಲಿದ್ದ ದಿನ, ಅವಳು ತನ್ನ ನಾದಿನಿ ಲಚ್ಚಮ್ಮನನ್ನು ಎಳೆದುಕೊಂಡು ಓಡಿಬಂದಳು. ಬಣ್ಣದ ಹಂಡೆಯ ನೀರು ಬಿದ್ದು ಆ ಹುಡುಗಿಯ ಎರಡೂ ಕೈ ಕೆಂಪಗೆ ಬೊಬ್ಬೆ ಎದ್ದಿದ್ದವು. ಊರಲ್ಲಿ ಆಗ ಖಾಸಗಿ ಡಾಕ್ಟರೂ ಇದ್ದರು; ಇವಳು ಅಲ್ಲಿಗೆ ಹೋಗಿರಲಿಲ್ಲ. ನನ್ನ ಎದುರಿನ ಬೆಂಚಿನ ಮೇಲೆ ಕೂತು, "ಏನು ಹಚ್ತೀರಿ?" ಎಂದು ಕೇಳಿದಳು.

"ಬರೇ ವ್ಯಾಸಲೀನ್ ಬಟ್ಟಿ. ಬ್ಯಾರೇನೂ ಇಲ್ಲ."

"ಮಾಡ್ರಿ. ನಾನು ನೋಡ್ತೀನಿ."

ಕುದಿಸಿ ಆರಿಸಿದ ನೀರಿನಲ್ಲಿ ತೊಳೆದೆ. ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಹತ್ತೂ ಬೆರಳುಗಳನ್ನು ಸಡಿಲವಾಗಿ ಸುತ್ತಿದೆ. ನರಸಮ್ಮ ಮುಂದೆ ಬಾಗಿ ಒಂದೊಂದನ್ನೂ ನೋಡುತ್ತಿದ್ದಳು. ಮುಗಿದ ಮೇಲೆ, "ಬೆರಳು ಬ್ಯಾರೆ ಬ್ಯಾರೆ ಕಟ್ಟೀರೇನು?" ಎಂದಳು.

"ಕಟ್ಟೀನವ್ವಾ."

"ಬಿಚ್ಚಿ ತೋರಸ್ರಿ."

ಹೊರಗೆ ಹತ್ತಾರು ಜನ ಕಾಯುತ್ತಿದ್ದರು. ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿ, ಒಂದೊಂದು ಬೆರಳನ್ನೂ ಅವಳಿಗೆ ತೋರಿಸಿ, ಮತ್ತೆ ಮೊದಲಿನಿಂದ ಕಟ್ಟಿದೆ.